ಹತ್ತೂ ಸಂಬಂಧಗಳು ಬಳಕೆಯಲ್ಲಿವೆ

ಜಹೀರಾಬಾದಿನ ವಧು-ವರರ ಕೇಂದ್ರವೊಂದಕ್ಕೆ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ವೆಬ್‌ಸೈಟ್ ಬರೆದುಕೊಟ್ಟವಳು ಬಸವೇಶ್ವರಿ. ಮಾಲೀಕ ಗುರುಲಿಂಗನ ಷರತ್ತು ಒಂದೇ: ಪರದೆಯ ಮೇಲೆ ಒಂದಕ್ಷರ ಇಂಗ್ಲಿಷ್ ಇರಕೂಡದು. ಹೀಗಾಗಿ ಯಂತ್ರ ಕೈಕೊಟ್ಟಾಗ ಬರುವ ಸಂದೇಶಗಳನ್ನೂ ಅವಳು ಕನ್ನಡಕ್ಕೆ ತಂದಿದ್ದಳು. ‘ಕನೆಕ್ಷನ್’ಗೆ ನಿಘಂಟಿನಲ್ಲಿ ಮೊದಲು ಸಿಕ್ಕಿದ್ದು ‘ಸಂಬಂಧ’. ಅದನ್ನೇ ಹಾಕಿದ್ದಳು.

ಸೋಮವಾರ ಬೆಳಿಗ್ಗೆ ಕಂಗ್ಟಿಯ ಕಾಂತಾಬಾಯಿ ಮಗಳು ಮನೀಷಾಳನ್ನು ಕರೆತಂದು ಕುಳಿತಳು. ಗುರುಲಿಂಗ ‘ವರ ಹುಡುಕು’ ಗುಂಡಿ ಒತ್ತಿದ. ಪರದೆ ಅರ್ಧ ನಿಮಿಷ ಸುಮ್ಮನಿದ್ದು ಹೇಳಿತು: ‘ಮೂವತ್ತು ಸೆಕೆಂಡ್ ಕಾದರೂ ಸಂಬಂಧ ಸಿಗಲಿಲ್ಲ. ಹತ್ತೂ ಸಂಬಂಧಗಳು ಬಳಕೆಯಲ್ಲಿವೆ.’

“ಮೂವತ್ತು ಸೆಕೆಂಡಿಗೇ ಸಾಕಾತೇನ್ರಿ? ನಾ ಮೂರು ವರ್ಷದಿಂದ ಕಾಯಲಾಕತ್ತೀನಿ,” ಎಂದಳು ಕಾಂತಾಬಾಯಿ. “ಮತ್ತ ಬಳಸಿದ ವರ ನಮಗ ಬ್ಯಾಡ.”

ಅಷ್ಟರಲ್ಲಿ ತಾಂಡೂರಿನ ಶಾಖೆಯಿಂದ ಫೋನು. ಅಲ್ಲಿಯೂ ಅದೇ ಸಂದೇಶ. ನಾರಾಯಣಖೇಡದಿಂದ ಆತ್ಮಾರಾಮ ಎಂಬ ಹೆಣ್ಣಿನ ತಂದೆ ಫೋನಿನಲ್ಲೇ ಕೂಗಾಡಿದ: “ಹತ್ತೂ ವರಾ ಒಬ್ಬರೇ ಒಯ್ದಾರಂದ್ರ ಅವರಿಗೆ ಎಷ್ಟು ಹೆಣ್ಣು ಅದಾವ್ರಿ?”

ಗುರುಲಿಂಗನಿಗೂ ಆ ಮನೆತನ ಯಾವುದೆಂದು ತಿಳಿಯಬೇಕಿತ್ತು.

“ವರ ಅಲ್ಲ ಕಾಕಾ,” ಎಂದಳು ಪಕ್ಕದ ಮೇಜಿನಲ್ಲಿದ್ದ ಬಸವೇಶ್ವರಿ. “ವರರ ಪಟ್ಟಿ ಇರೋ ಡೇಟಾಬೇಸಿಗೆ ಹೋಗಾಕ ಹತ್ತು ದಾರಿ, ಅಂದ್ರ ಕನೆಕ್ಷನ್, ಅದಾವ. ಹೋಗಿ ಬಂದವರು ದಾರಿ ಬಿಡಬೇಕು. ಯಾರೋ ಬಿಡವಲ್ರು.”

“ಹಂಗಾದ್ರ ನೂರು ಮಾಡವ್ವಾ.”

“ನೂರೂ ಹಿಡಕೊಂಡು ಕೂಡ್ತಾರ.”

ಅವಳು ಡೇಟಾಬೇಸನ್ನು ನೇರವಾಗಿ ತೆರೆದು ನೋಡಿದಳು. ಕೇಳಿದ ತಕ್ಷಣ ಉತ್ತರ ಕೊಟ್ಟಿತು, ಅದು ನೆಟ್ಟಗಿತ್ತು. ಸರ್ವರನ್ನು ಒಮ್ಮೆ ಆರಿಸಿ ಹಚ್ಚಿದಳು. ಇಪ್ಪತ್ತು ನಿಮಿಷ ಚೆನ್ನಾಗಿ ನಡೆದು ಮತ್ತೆ ನಿಂತಿತು. ಕೊನೆಗೆ, ಒಂದು ನಿಮಿಷ ಮೀರಿ ಕನೆಕ್ಷನ್ ಹಿಡಿದು ಕುಳಿತವರ ಗುರುತು ಬರೆದಿಡುವ ಕಾವಲು ಹಾಕಿದಳು. ಅದು ತೋರಿಸಿದ್ದು ‘ವರ ಹುಡುಕು’ ಪುಟವನ್ನು. ತಪ್ಪು ಅವಳದೇ. ಯಾವ ವರನೂ ಹೊಂದದಿದ್ದರೆ ಪ್ರೋಗ್ರಾಂ ಅಲ್ಲಿಂದಲೇ ಹೊರಬೀಳುವಂತೆ ಬರೆದಿದ್ದಳು. ಕನೆಕ್ಷನ್ ಹಿಂದಿರುಗಿಸುವ ಸಾಲು ಅದರ ಕೆಳಗಿತ್ತು, ಅಲ್ಲಿಗೆ ಅದು ಮುಟ್ಟುತ್ತಲೇ ಇರಲಿಲ್ಲ. ಆದರೆ ವರ್ಷವಿಡೀ ಎಂಥ ಷರತ್ತಿಗೂ ಒಬ್ಬನಾದರೂ ಸಿಕ್ಕಿದ್ದನಲ್ಲ, ಇವತ್ತೇ ಯಾಕೆ ಯಾರೂ ಹೊಂದಲಿಲ್ಲ?

ಇವತ್ತು ಯಾರೂ ಹೊಂದದೆ ಹೋದ ಹುಡುಕಾಟಗಳನ್ನು ತೆಗೆದಳು. ಎಲ್ಲವೂ ಒಂದೇ ಫೋನಿನವು, ಕೇಂದ್ರ ತೆರೆಯುವ ಮುಂಚಿನಿಂದಲೂ ಬಂದವು. ಎತ್ತರ ಒಂಬತ್ತು ಅಡಿ. ವಯಸ್ಸು ಇನ್ನೂರು. ತೂಕ ನಾಲ್ಕು ಕಿಲೋ. ಉದ್ಯೋಗ: ರೊಟ್ಟಿ ಬಡಿಯುವುದು.

ತಲೆಯೆತ್ತಿದಳು. ಎದುರಿಗೆ ಮನೀಷಾಳ ಹೆಬ್ಬೆರಳು ಓಢಣಿಯ ಮರೆಯಲ್ಲಿ ಫೋನಿನ ಮೇಲೆ ಇನ್ನೂ ಓಡುತ್ತಿತ್ತು.

ಹೊರಗೆ ಕರೆದು ಕೇಳಿದಾಗ ಹುಡುಗಿ ಅಂಜಲಿಲ್ಲ. “ನನಗ ಈಗೇ ಲಗ್ನ ಬ್ಯಾಡ್ರಿ ಅಕ್ಕಾ. ನಾ ಅಂದ್ರ ಅವ್ವ ಕೇಳಂಗಿಲ್ಲ. ಮಶೀನೇ ಇಲ್ಲ ಅಂದ್ರ ನಂಬ್ತಾಳ.”

ಬಸವೇಶ್ವರಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಒಂಬತ್ತು ಅಡಿಯ ವರನನ್ನು ಕೇಳಿ ನೋಡಬೇಕೆಂದು ತನಗೆ ಒಮ್ಮೆಯೂ ಹೊಳೆದಿರಲಿಲ್ಲ.

ವರ ಸಿಗಲಿ ಬಿಡಲಿ, ಕನೆಕ್ಷನ್ ಹಿಂದಿರುಗುವಂತೆ ಪುಟವನ್ನು ತಿದ್ದಿದಳು. ಆಮೇಲೆ ಮನೀಷಾಳಿಂದಲೇ ಅಂಥವೇ ಇನ್ನೂ ಇಪ್ಪತ್ತು ಅಸಾಧ್ಯ ವರರನ್ನು ಕೇಳಿಸಿದಳು. ‘ಹೊಂದುವ ವರ ಇಲ್ಲ’ ಎಂದು ಇಪ್ಪತ್ತು ಸಲ ಬಂತು, ಯಂತ್ರ ನಿಲ್ಲಲಿಲ್ಲ.

ಗುರುಲಿಂಗ ಆತ್ಮಾರಾಮನಿಗೆ ಫೋನು ಹಚ್ಚಿ, “ಹತ್ತೂ ವಾಪಸ್ ಬಂದಾವ್ರಿ,” ಎಂದ.

“ವಾಪಸ್ ಯಾಕ್ ಬಂದ್ರು? ಏನ್ ಕೊರತಿ?” ಎಂದ ಆತ್ಮಾರಾಮ.

“ಈಕಿನ್ನ ಕೆಲಸಕ್ಕ ಇಟ್ಕೋರಿ ಕಾಕಾ,” ಎಂದಳು ಬಸವೇಶ್ವರಿ, ಮನೀಷಾಳನ್ನು ಮುಂದೆ ಮಾಡಿ. “ಮಂದಿ ಕೈಯಾಗ ಕೆಡೋ ಮೊದಲ ಕೆಡಿಸಿ ನೋಡೋರು ಬೇಕು ನಮಗ.”

“ಕೆಡಸಾಕ ನೌಕರಿ ಕೊಡ್ತಾರೇನ್ರಿ?” ಕಾಂತಾಬಾಯಿ ಕಣ್ಣರಳಿಸಿದಳು. “ಮನ್ಯಾಗ ಪುಕ್ಕಟ್ಟೆ ಮಾಡಾಕತ್ತಿದ್ದಳಲ್ಲ!”

ಮನೀಷಾ ಆಗಲೇ ಕಂಗ್ಟಿಯಿಂದ ಬೆಳಗಿನ ಜೀಪು ಎಷ್ಟಕ್ಕೆ ಹೊರಡುತ್ತದೆಂದು ಫೋನಿನಲ್ಲಿ ವಿಚಾರಿಸುತ್ತಿದ್ದಳು.