ಅಮ್ಮ ಬರೆದ ವಿವರಣೆಗಳು

ಸುಮ್ಮನೆ ಪುಟ ತೋರಿಸಿದರೆ ಕಂಪ್ಯೂಟರಿಗೆ ಏನು ತಿಳಿದೀತು, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಇದು ಪದ, ಇದು ಅರ್ಥ, ಇದು ವಿವರಣೆ, ಇದನ್ನು ಬರೆದವರು ಇಂಥವರು ಎಂದು ತುಣುಕು ತುಣುಕಿಗೂ ಗುರುತು ಹಚ್ಚಿಕೊಡಬೇಕು. ಆ ಮನೆಯ ಮಗಳಿಗೆ ಮುದ್ರಣಾಲಯದಲ್ಲಿ ಅದೇ ಕೆಲಸ. ಹಾಗಾಗಿ, ತೀರಿಹೋದ ಅಪ್ಪನ ಹೆಸರಿನಲ್ಲಿದ್ದ, ಬಡಗಿ ಕಮ್ಮಾರರಂಥವರ ಕಸುಬುಗಳ ಪದಕೋಶವನ್ನು ಕಂಪ್ಯೂಟರಿಗೆ ಏರಿಸುತ್ತೇವೆಂದು ಗ್ರಂಥಾಲಯದವರು ಹೇಳಿದಾಗ ಅಣ್ಣ ಅದನ್ನು ತಂಗಿಯ ತಲೆಗೇ ಕಟ್ಟಿದ.

ಅವಳಿಗೂ ಅದೇ ಬೇಕಿತ್ತು. ಪದಗಳನ್ನು ಕೂಡಿಹಾಕಿದ್ದು ಅಪ್ಪ, ಇಲ್ಲವೆನ್ನುವಂತಿಲ್ಲ. ಆದರೆ ಬಡಗಿಯ ಪಕ್ಕ, ಕಮ್ಮಾರನ ಎದುರು ಕೂತು ಕೇಳಿ ಕೇಳಿ ವಿವರಣೆ ಬರೆದವಳು ಅಮ್ಮ. ಅಚ್ಚಾದ ಪುಸ್ತಕದಲ್ಲಿ ಎಲ್ಲವೂ ಕಲಸಿಹೋಗಿ, ರಟ್ಟಿನ ಮೇಲೆ ಅಪ್ಪನ ಹೆಸರೊಂದೇ ಉಳಿದಿತ್ತು. ಈಗಲಾದರೂ ಅಮ್ಮನದು ಅಮ್ಮನದಾಗಲಿ ಎಂದು ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ವರ್ಷವಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಒಂದೊಂದು ವಿವರಣೆಗೂ ಬರೆದವರ ಹೆಸರು ಹಚ್ಚಿದಳು. ಮೊದಮೊದಲು ಬೇಡ ಬಿಡೇ ಎನ್ನುತ್ತಿದ್ದ ಅಮ್ಮ, ಬರುಬರುತ್ತಾ ಇದೂ ನಂದೇ ಎಂದು ತಾನೇ ಬೆರಳಿಟ್ಟು ತೋರಿಸತೊಡಗಿದ್ದಳು. ಮುಗಿದ ಮೇಲೆ ಕಡತವನ್ನು ಗ್ರಂಥಾಲಯಕ್ಕೆ ಮುಟ್ಟಿಸುವ ಕೆಲಸ ಅಣ್ಣನದು. ಒಡಹುಟ್ಟಿದವನ ಮೇಲೆ ಯಾರಾದರೂ ಕಾವಲು ಇಡುತ್ತಾರೆಯೇ?

ಕೋಶ ಎಲ್ಲರಿಗೂ ತೆರೆದ ದಿನ ಮೂವರೂ ಪರದೆಯ ಮುಂದೆ ಕೂತರು. ಅವಳು ಉಳಿಯ ವಿವರಣೆ ತೆಗೆದು, ಬರೆದವರು ಯಾರೆಂದು ಒತ್ತಿದಳು. ಅಪ್ಪನ ಹೆಸರು ಬಂತು. ಗರಗಸಕ್ಕೂ ಅಪ್ಪ, ಕುಲುಮೆಗೂ ಅಪ್ಪ. ಅಮ್ಮನ ಹೆಸರು ಹಾಕಿ ಹುಡುಕಿದರೆ ಒಂದೂ ಸಿಗಲಿಲ್ಲ.

ಅಣ್ಣ ನಾಚಿಕೊಳ್ಳಲೂ ಇಲ್ಲ. ಓದುವ ಕೋಣೆಗೆ ಅಪ್ಪನ ಹೆಸರಿಡುತ್ತಿದ್ದಾರೆ, ಅರ್ಧಕ್ಕರ್ಧ ಬೇರೆಯವರು ಬರೆದದ್ದೆಂದರೆ ಇಡುತ್ತಾರಾ, ಮನೆಯ ಮಾತು ಮನೆಯಲ್ಲೇ ಇರಲಿ ಎಂದ. ಬೇರೆಯವರಂತೆ! ಒಂಬತ್ತು ತಿಂಗಳು ಹೊತ್ತವಳು ಇವನಿಗೆ ಬೇರೆಯವರು!

"ಅಷ್ಟೊಂದು ವಿವರಣೇಲಿ ಅಮ್ಮಂದು ಯಾವುದು ಅಂತ ನಿಂಗೆ ಹೇಗೋ ಗೊತ್ತಾಯ್ತು?"

"ನೀನೇ ಗುರುತು ಹಾಕಿದ್ಯಲ್ಲ. ಹುಡುಕೋ ಕೆಲಸಾನೇ ಇರ್ಲಿಲ್ಲ, ಒಂದೇ ಸಲಕ್ಕೆ ಎಲ್ಲಾ ಬದಲಾಯ್ತು."

ಅವಳು ಕೀಲಿಮಣೆಯಿಂದ ಕೈ ತೆಗೆದಳು. ಕೊಡಲಿ ಕಾವು ಕುಲಕ್ಕೆ ಸಾವು ಅನ್ನುತ್ತಾರೆ, ಆ ಕಾವನ್ನು ನುಣ್ಣಗೆ ಕೆತ್ತಿಕೊಟ್ಟವಳು ತಾನೇ. ಕಲಸಿಹೋಗಿದ್ದಾಗ ಇಂಥವರದೆಂದು ಬೊಟ್ಟು ಮಾಡಲಾಗದಿದ್ದ ಮಾತುಗಳು ಈಗ ಒಂದೊಂದಾಗಿ ಅಪ್ಪನವಾಗಿದ್ದವು.

ಅಮ್ಮ ಇನ್ನೂ ಪರದೆಯನ್ನೇ ನೋಡುತ್ತಿದ್ದಳು. ಮಗನ ಕಡೆ ತಿರುಗಿದಳು.

"ನಿಮ್ಮಪ್ಪ ಕೂಡ ಒಂದು ದಿನಾನೂ ಇದನ್ನ ತಾನು ಬರೆದಿದ್ದು ಅಂತ ಹೇಳಿರ್ಲಿಲ್ಲ ಕಣಪ್ಪ."