ಎರಡು ಕೈಯ ಕಾಗದ

ನನ್ನ ತಂಗಿ ಪುಟ್ಟಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅವಳಿಗೆ ಮಾತು ಕಲಿಸಿದವಳು ನಾನು, ಅದೂ ಎಡಗೈಯಲ್ಲಿ. ರಾಮನಗರದ ಹಬೀಬ್ ಸಾಹೇಬರ ರೇಷ್ಮೆ ಕಾರ್ಖಾನೆಯಲ್ಲಿ ಅಕ್ಕತಂಗಿ ಇಬ್ಬರೂ ನೂಲು ಬಿಚ್ಚುತ್ತಿದ್ದೆವು. ಬಲಗೈ ಸದಾ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುತ್ತಿರಬೇಕು; ತೆಗೆದರೆ ನೂಲು ತುಂಡು. ಉಳಿದದ್ದು ಎಡಗೈ. ಅದರಲ್ಲೇ ಬೈದಾಡಿದೆವು, ರಾಜಿಯಾದೆವು, ಸಾಹೇಬರ ದಪ್ಪ ಕನ್ನಡಕವನ್ನು ಆಡಿಕೊಂಡೆವು. ಮನೆಯಲ್ಲೂ ಅದೇ ಅಭ್ಯಾಸ.

ಎರಡು ಸಾವಿರದ ಐದರಲ್ಲಿ ಕನಕಪುರದ ಕಡೆ ಗಾರ್ಮೆಂಟ್ಸ್ ಬಂತು. ಕಿವಿ ಕೇಳಿಸದ ಹುಡುಗಿಯರನ್ನೂ ತಗೊಳ್ಳುತ್ತಾರೆ, ಹಾಸ್ಟೆಲೂ ಇದೆ ಅಂತ ಪುಟ್ಟಿ ಹೊರಟೇಬಿಟ್ಟಳು. ನನಗೆ ಸಿಟ್ಟು. ಬಸ್ಸು ಹತ್ತಿಸಿದೆ, ಕೆಳಗಿನಿಂದಲೇ ಎಡಗೈ ಬೀಸಿದೆ, ತಿರುಗಿ ನೋಡದೆ ಬಂದೆ. ಮನೆಗೆ ಬಂದ ಮೇಲೆ ಕೈಮಾತಿಗೆ ಜೊತೆಯೇ ಇರಲಿಲ್ಲ.

ಫೋನ್ ಇದ್ದು ಏನು ಮಾಡುವುದು? ಅವಳಿಗೆ ಕೇಳಿಸದು, ಅಕ್ಷರವೂ ಬಾರದು. ಹಾಸ್ಟೆಲಿನ ರಮ್ಯಾ ಮೇಡಂ ಅವಳಿಗೆ ಕೈಮಾತನ್ನೇ ಬರೆಯಲು ಕಲಿಸಿದರು. ದೀಪಾವಳಿಗೆ ಬಂದಾಗ ಪುಟ್ಟಿ ನನಗೂ ಕಲಿಸಿದಳು. ಸೊನ್ನೆ ಅಂದರೆ ಮುಖ. ಚೌಕ ಅಂದರೆ ಮುಷ್ಟಿ. ಅದಕ್ಕೆ ಗೀಟು ಎಳೆದರೆ ಬಿಚ್ಚಿದ ಬೆರಳು. ಕೈ ಹೋಗುವ ದಾರಿಗೆ ಬಾಣ. ಮುಟ್ಟುವ ಜಾಗಕ್ಕೆ ನಕ್ಷತ್ರ. ಕಣ್ಣಲ್ಲಿ ನೋಡಿದರೆ ಓದಿದಂತಲ್ಲ, ಬರೆದಂತೆ ಕೈ ಆಡಿಸಬೇಕು. ಆಗ ಅವಳು ಎದುರಿಗೇ ಕೂತಂತಿರುತ್ತಿತ್ತು. ಆದರೆ ನನಗೆ ಅವಳೇ ಬೇಕಿತ್ತು.

ಮುಂದಿನ ಗೌರಿ ಹಬ್ಬಕ್ಕೆ ಬರುತ್ತೀಯಾ ಎಂದು ಬರೆದು ಹಾಕಿದೆ. ಹದಿನೈದು ದಿನ ಕಾದ ಮೇಲೆ ಕಾರ್ಖಾನೆಯ ವಿಳಾಸಕ್ಕೆ ಕಾಗದ ಬಂತು. ಕೆಲಸ ಮಾಡುತ್ತಲೇ ಎಡಗೈಯಲ್ಲಿ ಬಿಚ್ಚಿ ಮಡಿಲ ಮೇಲಿಟ್ಟುಕೊಂಡೆ. ಮೊದಲ ಸಾಲು ನಮ್ಮ ಎಡಗೈ ಮಾತಿನಲ್ಲೇ ಇತ್ತು: ರಜೆ ಇಲ್ಲ, ಬರೋದಿಲ್ಲ. ಅದರ ಕೆಳಗೆ ದೊಡ್ಡದಾಗಿ ಬಿಚ್ಚಿದ ಅಂಗೈ, ಒಂದು ಬಾಣ, ಭುಜದ ಮೇಲೆ ನಕ್ಷತ್ರ. ಪಕ್ಕದಲ್ಲಿ ಮತ್ತೆ ಅದೇ. ಎಡಗೈಯನ್ನು ಬಲಭುಜಕ್ಕೆ ಮುಟ್ಟಿಸಿ ನೋಡಿದೆ. ಗೂಡಿನ ಬುಟ್ಟಿ ಹೊತ್ತು ಹೆಗಲು ನೋಯುವಾಗ ನಾವು ಹಾಗೆ ಹೇಳುತ್ತಿದ್ದೆವು.

"ಹೆಗಲು ನೋವಂತೆ ಕಣೆ ಮಾರಮ್ಮ, ಎರಡೆರಡು ಸಲ ಬರ್ದವ್ಳೆ," ಎಂದೆ ಪಕ್ಕದ ಚರಕದವಳಿಗೆ. "ಅಲ್ಲಿ ಎಣ್ಣೆ ಹಚ್ಚಿ ನೀವೋಕೆ ಯಾರವ್ರೆ?"

ಮಾರಮ್ಮ ಇಣುಕಿದಳು. "ನಿಮ್ಮ ರಂಗೋಲಿ ನಂಗೇನು ಗೊತ್ತಾಯ್ತದೆ? ಒಂದು ಬಾಣ ಅತ್ತ ಐತೆ, ಒಂದು ಇತ್ತ ಐತೆ. ಎರಡು ಸಲ ಬರ್ದಿದ್ರೆ ಒಂದೇ ಕಡೀಕೆ ಇರ್ಬೇಕಲ್ವಾ?"

ಹೌದು. ಅದು ಎರಡು ಸಲವಲ್ಲ, ಎರಡು ಕೈ. ಪುಟ್ಟಿ ಅಲ್ಲಿ ಎರಡೂ ಕೈಯಲ್ಲಿ ಮಾತಾಡಲು ಕಲಿತಿದ್ದಳು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು. ನಾನು ಕಲಿಸದ ಮಾತು ಅವಳಿಗೆ ಬಂದಿತ್ತು.

ಬಲಗೈಯನ್ನು ನೀರಿನಿಂದ ತೆಗೆದೆ. ಎಳೆಗಳು ಪಟಪಟ ಕಡಿದವು.

"ನೂಲು ಹೋಯ್ತಲ್ಲ ಕಾವೇರಮ್ಮ," ಎಂದರು ಹಬೀಬ್ ಸಾಹೇಬರು.

ಹೋಗಲಿ ಅಂದುಕೊಂಡೆ. ಬರೆದಂತೆ ಎಡಗೈ ಬಲಭುಜಕ್ಕೆ, ಬಲಗೈ ಎಡಭುಜಕ್ಕೆ ಒತ್ತಿ ಇಟ್ಟೆ. ನನ್ನ ತೋಳೊಳಗೆ ನಾನೇ ಇದ್ದೆ. ಬಸ್ಸು ಹತ್ತಿಸಿದ ದಿನ ನಾನು ತಬ್ಬಿಕೊಳ್ಳದೆ ಕಳಿಸಿದವಳು, ಕನಕಪುರದಲ್ಲಿ ಕೂತು ನನ್ನ ಕೈಯಿಂದಲೇ ನನ್ನನ್ನು ತಬ್ಬಿದ್ದಳು.

ಕೈ ಬಿಡಲು ಮನಸ್ಸಾಗಲಿಲ್ಲ. ರವಿಕೆಯ ಎಡಭುಜ ಬಿಸಿನೀರಿಗೆ ತೋಯುತ್ತಿತ್ತು.