ಹೆಸರಿನ ಪಕ್ಕದ ಕಸುಬು

ಹ್ಯಾಂಡ್‌ಬಾಲ್‌ನಲ್ಲಿ ಐಸ್‌ಲ್ಯಾಂಡಿಗೆ ಒಲಿಂಪಿಕ್ ಬೆಳ್ಳಿ ಬಂದದ್ದು 2008ರ ಆಗಸ್ಟಿನಲ್ಲಿ. ಮೂರು ಲಕ್ಷ ಜನರ ದೇಶ, ಹಾಸಿಗೆಗಿಂತ ಕಾಲೇ ಉದ್ದ, ಅಷ್ಟಕ್ಕೆ ಸುಮ್ಮನಿದ್ದೀತೇ? ಅಕ್ಟೋಬರಿನಲ್ಲಿ ಒಂದೇ ವಾರದಲ್ಲಿ ಮೂರು ಬ್ಯಾಂಕು ಮುಳುಗಿಸಿ, ಮುಳುಗಿಸುವ ಆಟದಲ್ಲಿ ಚಿನ್ನವನ್ನೇ ಹೊಡೆಯಿತು. ಅದರಲ್ಲಿ ತನ್ನದೂ ಅಳಿಲು ಸೇವೆ ಇದೆಯೆಂದು ಬೆರ್ಗುರ್‌ಗೆ ಗೊತ್ತಿತ್ತು.

ಹದಿನೈದು ವರ್ಷ ಕಡಲಲ್ಲಿ ಮೀನು ಹಿಡಿದವನು, ಮೂರು ತಿಂಗಳ ತರಬೇತಿ ಮುಗಿಸಿ ಹೂಸಾವಿಕ್ ಊರಿನ ಬ್ಯಾಂಕಿನಲ್ಲಿ ಕುರ್ಚಿ ಏರಿದ್ದ. ಇಲ್ಲಿನ ಟೆಲಿಫೋನ್ ಪುಸ್ತಕದಲ್ಲಿ ಹೆಸರಿನ ಪಕ್ಕ ಕಸುಬನ್ನೂ ಬರೆಸಬಹುದು. ಏನು ಬರೆಸಿದರೂ ಕೇಳುವವರಿಲ್ಲ. ಬೆರ್ಗುರ್ ‘ಹಣಕಾಸು ತಜ್ಞ’ ಎಂದು ಬರೆಸಿದ. ಅದನ್ನು ನಿಜವಾಗಿ ನಂಬಿದವಳು ಅವನನ್ನು ಸಾಕಿದ ಚಿಕ್ಕಮ್ಮ ಸ್ಟೈನುನ್ ಒಬ್ಬಳೇ. ಚಿಕ್ಕಂದಿನಿಂದ ಮುದ್ದಿಗೆ ‘ಪೆದ್ದ’ ಎಂದು ಕರೆಯುತ್ತಿದ್ದವಳು, ಅವತ್ತಿನಿಂದ ಹಾಗೆ ಕರೆಯುವುದನ್ನು ಬಿಟ್ಟಳು. ಮೀನು ಕಾರ್ಖಾನೆಯಲ್ಲಿ ನಿಂತು ಕೂಡಿಸಿದ್ದನ್ನೆಲ್ಲ ಅವನ ಮಾತು ಕೇಳಿ ಬ್ಯಾಂಕಿನ ಷೇರಿಗೆ ಹಾಕಿದಳು.

ಎಲ್ಲ ಹೋಯಿತು. ಆಮೇಲೆ ಅವಳು ಅವನ ಫೋನ್ ಎತ್ತಲಿಲ್ಲ. ಬಾಗಿಲು ತಟ್ಟಿದರೆ ರೇಡಿಯೊ ಜೋರು ಮಾಡಿದಳು. ಬೆರ್ಗುರ್ ಮತ್ತೆ ದೋಣಿ ಹತ್ತಿದ. ಕೆಲಸ ಸಿಕ್ಕಿತು, ಚಿಕ್ಕಮ್ಮ ಸಿಗಲಿಲ್ಲ. ಅವನಿಗೆ ಅದೊಂದೇ ಸಂಕಟ.

ಹೊಸ ಟೆಲಿಫೋನ್ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಅದರ ಕಚೇರಿಗೆ ಫೋನ್ ಮಾಡಿದ.

“ನನ್ನ ಕಸುಬು ಬದಲಾಯಿಸ್ಬೇಕಿತ್ತು ಕಣಮ್ಮ.”

“ಹಣಕಾಸು ತಜ್ಞರಾ? ಬೆಳಗ್ಗಿಂದ ನೀವು ಹತ್ತೊಂಬತ್ತನೆಯವ್ರು,” ಅಂದಳು ಕಚೇರಿಯ ಹುಡುಗಿ. “ಎಲ್ರೂ ಕವಿ ಅಂತ ಬರೆಸ್ತಿದಾರೆ. ನಿಮಗೂ ಅದೇ ಹಾಕ್ಲಾ?”

“ಬೇಡ. ಪೆದ್ದ ಅಂತ ಹಾಕಿ.”

“ಬರೀ ಪೆದ್ದನಾ, ತಜ್ಞ ಪೆದ್ದನಾ?”

“ಬರೀ ಸಾಕು. ತಜ್ಞ ಆಗಿ ನೋಡಿದ್ದಾಯ್ತಲ್ಲ.”

ಮೇ ತಿಂಗಳಲ್ಲಿ ಪುಸ್ತಕ ಬಂತು. ಊರಿನ ಪುಟಗಳಲ್ಲಿ ಹುಡುಕಿದರೂ ಒಬ್ಬ ಹಣಕಾಸು ತಜ್ಞನೂ ಇರಲಿಲ್ಲ. ಇಷ್ಟು ಬೇಗ ಸುಧಾರಿಸಿದ ದೇಶ ಭೂಮಿ ಮೇಲೆ ಇನ್ನೊಂದಿಲ್ಲ ಎಂದು ಬಂದರಿನಲ್ಲೆಲ್ಲ ನಗು. ಬೆರ್ಗುರ್ ತನ್ನ ಸಾಲು ಓದಿದ. ಆಮೇಲೆ ತಡೆಯಲಾರದೆ ಚಿಕ್ಕಮ್ಮನ ಹೆಸರು ಹುಡುಕಿದ. ಇಷ್ಟು ವರ್ಷ ಅಲ್ಲಿ ‘ಮೀನು ಕೆಲಸ’ ಎಂದಿತ್ತು. ಅವಳೂ ಯಾರಿಗೂ ಹೇಳದೆ ಬದಲಾಯಿಸಿದ್ದಳು.

‘ಸ್ಟೈನುನ್, ಪೆದ್ದನ ಚಿಕ್ಕಮ್ಮ.’

ಅವನು ಅಲ್ಲೇ ಕೂತು ಅತ್ತುಬಿಟ್ಟ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

“ಏನೋ ಪೆದ್ದ, ಪುಸ್ತಕ ನೋಡ್ದಾ?” ಅಂದಳು ಚಿಕ್ಕಮ್ಮ. “ಊಟಕ್ಕೆ ಬಾ. ಬರ್ತಾ ಒಂದು ಮೀನು ತಗೊಂಡ್ಬಾ. ಷೇರು ಗೀರು ತರ್ಬೇಡ.”